ಮಳೆಗಾಲದ ರಸ್ತೆಗೆ ಏಪ್ರಿಲ್‌ನಲ್ಲೇ ಗುತ್ತಿಗೆದಾರರು: ನನ್ನ ಅನುಭವ

ಮಡಿಕೇರಿ ತಾಲ್ಲೂಕಿನ ಗುಡ್ಡದ ಕಡೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ನಾನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ). ರಸ್ತೆ ದುರಸ್ತಿಗೆ ತಾತ್ಕಾಲಿಕ ಗುತ್ತಿಗೆದಾರರನ್ನು ಹೇಗೆ ಹೊಂದಿಸಿಕೊಳ್ಳುತ್ತೀರಿ ಅಂತ ಬೇರೆ ಪಂಚಾಯಿತಿಯವರು ಆಗಾಗ ಕೇಳುತ್ತಾರೆ. ನಮ್ಮಲ್ಲಿ ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೊಡಗಿನಲ್ಲಿ ರಸ್ತೆ ಕೆಡುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಅದನ್ನು ಉಳಿಸಿಕೊಳ್ಳುವ ಕೆಲಸ ಮಾತ್ರ ಏಪ್ರಿಲ್, ಮೇ ತಿಂಗಳಿನದು. ಜುಲೈನಲ್ಲಿ ಬರೆ (ರಸ್ತೆ ಬದಿಯ ಗುಡ್ಡದ ಮಣ್ಣಿನ ಗೋಡೆ) ಕುಸಿದು ದಾರಿ ಮುಚ್ಚಿದ ಮೇಲೆ ಜೆಸಿಬಿಗೆ ಫೋನ್ ಮಾಡಿದರೆ ಸಿಗುವುದಿಲ್ಲ. ಅವತ್ತೇ ಸುತ್ತಮುತ್ತಲ ಊರುಗಳಲ್ಲೂ ಬರೆ ಕುಸಿದಿರುತ್ತದೆ. ಇದ್ದಬದ್ದ ಮಿಷನ್‌ಗಳೆಲ್ಲ ದೊಡ್ಡ ರಸ್ತೆಗೆ ಹೋಗಿರುತ್ತವೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ನಡುವೆ ಹೆದ್ದಾರಿಯೇ ಕುಸಿದುಹೋಗಿತ್ತಲ್ವಾ? ಅಂಥ ಹೊತ್ತಿನಲ್ಲಿ ತೋಟದ ಕಾರ್ಮಿಕರ ಲೈನ್ ಮನೆ ಕಡೆಯ ಸಣ್ಣ ದಾರಿಯ ಸರದಿ ಯಾವಾಗ ಬರಬೇಕು ಹೇಳಿ. ಅದಕ್ಕೇ ನಮ್ಮ ದಾರಿಗೆ ನಮ್ಮವರೇ ಅಂತ ಮಳೆಗೆ ಮುಂಚೆ ಗೊತ್ತು ಮಾಡಿಟ್ಟುಕೊಳ್ಳಬೇಕು.

ಅದಕ್ಕೂ ಮೊದಲು ರಸ್ತೆ ಯಾರದ್ದು ಅಂತ ನೋಡಬೇಕು. ಎಲ್ಲ ಗುಂಡಿಗೂ ಜನ ಪಂಚಾಯಿತಿಗೇ ಬಂದು ಬಯ್ಯುತ್ತಾರೆ. ಆದರೆ ಕೆಲವು ರಸ್ತೆ ಲೋಕೋಪಯೋಗಿಯದ್ದು, ಕೆಲವು ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗ ನೋಡಿಕೊಳ್ಳುವಂಥದ್ದು. ಗ್ರಾಮ ಸಡಕ್ ಯೋಜನೆಯಲ್ಲಿ ಆದ ರಸ್ತೆಯಾದರೆ ಮುಗಿದ ಮೇಲೆ 5 ವರ್ಷ ನಿರ್ವಹಣೆ ಅದನ್ನು ಮಾಡಿದ ಗುತ್ತಿಗೆದಾರನದ್ದೇ. ರಸ್ತೆ ಶುರುವಾಗುವಲ್ಲಿ ಬೋರ್ಡ್ ಇರುತ್ತದೆ, ತಾರೀಖು ಓದಿಕೊಂಡು ಪತ್ರ ಬರೆದರಾಯಿತು. ನಮ್ಮ ಪಟ್ಟಿಯಿಂದ ಇಂಥ ರಸ್ತೆಗಳನ್ನು ತೆಗೆದ ಮೇಲೆ ಉಳಿದದ್ದು ನಮ್ಮ ಕೈಯಲ್ಲಿ ಆಗುವಷ್ಟೇ ಇತ್ತು.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. 15ನೇ ಹಣಕಾಸು ಆಯೋಗದ (2021–26) ಅನುದಾನದಲ್ಲಿ ಶೇ. 60 ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ರಸ್ತೆಗೆ ಅದನ್ನು ಮುಟ್ಟುವ ಹಾಗಿರಲಿಲ್ಲ. ಉಳಿದ ಶೇ. 40ರಲ್ಲಿ ಎಲ್ಲ ವಾರ್ಡಿನ ಸದಸ್ಯರೂ ಪಾಲು ಕೇಳುತ್ತಿದ್ದರು. ನರೇಗಾದಲ್ಲಿ ಗುತ್ತಿಗೆದಾರರನ್ನು ಹಾಕಲಿಕ್ಕೇ ಅವಕಾಶ ಇರಲಿಲ್ಲ. ಹಾಗಾಗಿ ಮಳೆಗಾಲದ ತುರ್ತು ಕೆಲಸಕ್ಕೆ ಮನೆ, ರೆಸಾರ್ಟ್, ಹೋಂಸ್ಟೇಗಳಿಂದ ಬಂದ ತೆರಿಗೆಯಲ್ಲೇ ಒಂದು ಭಾಗ ತೆಗೆದಿಟ್ಟೆವು. ಕ್ರಿಯಾಯೋಜನೆಯಲ್ಲಿ ಅದಕ್ಕೆ ಬೇರೆ ಸಾಲು ಹಾಕಿ, ಸಾಮಾನ್ಯ ಸಭೆಯಲ್ಲಿ ನಿರ್ಣಯ ಮಾಡಿಕೊಂಡೆವು. ನಿರ್ಣಯ ಇಲ್ಲದೆ ಒಂದು ಲೋಡ್ ಜಲ್ಲಿ ಹಾಕಿಸಿದರೂ ಆಮೇಲೆ ತೊಂದರೆ.

ಟೆಂಡರ್ ಬೇಕಾ, ಕೊಟೇಷನ್ ಸಾಕಾ? ಎಲ್ಲರಿಗೂ ಗೊಂದಲ ಇರುವುದು ಇಲ್ಲೇ. ಸರ್ಕಾರಿ ಖರೀದಿ, ಕಾಮಗಾರಿಗೆ ಟೆಂಡರ್ ಕರೆಯಬೇಕು ಅನ್ನುವ 1999ರ ಕೆಟಿಪಿಪಿ ಕಾಯ್ದೆಯ 4ನೇ ಕಲಂನಲ್ಲಿ ಕೆಲವು ವಿನಾಯಿತಿಗಳಿವೆ. ಸರ್ಕಾರ ಪ್ರಕೃತಿ ವಿಕೋಪ ಅಂತ ಘೋಷಿಸಿದ ಅವಧಿಗೆ ಒಂದು, ನಿಗದಿತ ಮಿತಿಯೊಳಗಿನ ಸಣ್ಣ ಮೊತ್ತದ ಕೆಲಸಕ್ಕೆ ಇನ್ನೊಂದು. ಜೋರು ಮಳೆ ಬಂತು ಅಂದ ಮಾತ್ರಕ್ಕೆ ಮೊದಲನೆಯದು ಸಿಗುವುದಿಲ್ಲ, ಘೋಷಣೆ ಆಗಿರಬೇಕು. ಎರಡನೆಯದರಲ್ಲಿ ಟೆಂಡರ್ ಇಲ್ಲದೆ ತುಂಡು ಗುತ್ತಿಗೆ ಕೊಡಬಹುದು. ಆದರೆ ಮಿತಿಯೊಳಗೆ ತರಬೇಕು ಅಂತ ಒಂದೇ ರಸ್ತೆಯ ಒಂದೇ ಕೆಲಸವನ್ನು ಮೂರು ಬಿಲ್ಲು ಮಾಡಿದರೆ ಆಡಿಟ್‌ನಲ್ಲಿ ಆಕ್ಷೇಪಣೆ ಬಂದೇ ಬರುತ್ತದೆ. ನಾವು ಡಾಂಬರು ಪ್ಯಾಚ್ ಕೆಲಸವನ್ನೆಲ್ಲ ಒಟ್ಟು ಸೇರಿಸಿ ಟೆಂಡರ್‌ಗೆ ಹಾಕಿದೆವು. ಚರಂಡಿ, ಬರೆ ಮಣ್ಣು, ಬಿದ್ದ ಮರ, ಜಲ್ಲಿ ಹಾಕುವುದು, ಇವಕ್ಕೆ ಮಾತ್ರ ಕೊಟೇಷನ್ ಕರೆದು ದರ ಗೊತ್ತು ಮಾಡಿಕೊಂಡೆವು. ಕೆಲಸ ಬಂದಾಗ ಆ ದರದಲ್ಲಿ ಕಾರ್ಯಾದೇಶ, ಅಷ್ಟೇ.

ಕೊಟೇಷನ್ ನೋಟಿಸನ್ನು ಸುಮ್ನೆ ಕಚೇರಿಯ ಬೋರ್ಡಿಗೆ ಅಂಟಿಸಿದರೆ ಯಾರೂ ಬರುವುದಿಲ್ಲ. ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿ, ಬಸ್ ಸ್ಟಾಪ್ ಎಲ್ಲ ಕಡೆ ಹಾಕಿಸಿದೆವು. ಆಮೇಲೆ ಜೆಸಿಬಿ ಇಟ್ಟುಕೊಂಡಿರುವವರ ಹತ್ತಿರ ನಾನೂ ಅಧ್ಯಕ್ಷರೂ ಹೋಗಿ ಮಾತಾಡಿದೆವು. ಕಾಫಿ ಕೊಯ್ಲು ಮುಗಿಯುವ ತನಕ ಯಾರಿಗೂ ಪುರುಸೊತ್ತಿರುವುದಿಲ್ಲ, ಆಳುಗಳೂ ಸಿಗುವುದಿಲ್ಲ. ಹಾಗಾಗಿ ರೊಬಸ್ಟಾ ಕೊಯ್ಲು ಮುಗಿದು, ತೋಟದ ಕೆಲಸ ಸ್ವಲ್ಪ ಹಗುರಾದ ಮೇಲೆ ಹೋದೆವು. ಅವರಲ್ಲಿ ಒಬ್ಬರು ನೇರವಾಗಿ ಹೇಳಿದರು:

“ಮೇಡಂ, ಕೆಲಸಕ್ಕೆ ನಾನು ರೆಡಿ. ಆದ್ರೆ ಬೇರೆ ಒಂದು ಕಡೆ ಹೋದ ಮಳೆಗಾಲದ ಬಿಲ್ಲೇ ಇನ್ನೂ ಆಗಿಲ್ಲ. ನೀವೂ ಹಾಗೆ ಮಾಡಿದ್ರೆ ಡೀಸೆಲಿಗೆ ನಾನು ಎಲ್ಲಿಂದ ತರ್ಲಿ?”

ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಸಣ್ಣ ಗುತ್ತಿಗೆದಾರ ಮಿಷನ್‌ಗೆ ತಿಂಗಳು ತಿಂಗಳು ಕಂತು ಕಟ್ಟುತ್ತಿರುತ್ತಾನೆ. ಡ್ರೈವರ್‌ಗೆ ಸಂಬಳ, ಬಾಟಾ ಅವತ್ತವತ್ತೇ ಕೊಡಬೇಕು. ಅವನ ದುಡ್ಡನ್ನು ಎಂಟು ತಿಂಗಳು ಇಟ್ಟುಕೊಂಡರೆ ಮುಂದಿನ ವರ್ಷ ಅವನು ಫೋನ್ ಎತ್ತುವುದಿಲ್ಲ. ದಾರಿ ಮುಚ್ಚಿದ ಊರಿನ ಬಾಣಂತಿ, ಡಯಾಲಿಸಿಸ್‌ಗೆ ಹೋಗಬೇಕಾದವರು ಅನುಭವಿಸಬೇಕಾಗುತ್ತದೆ. ಬಿಲ್ಲು ಬೇಗ ಆಗುವ ಹಾಗೆ ಕಾಗದಪತ್ರ ಮಾಡುವುದೇ ನನ್ನ ಮುಖ್ಯ ಕೆಲಸ ಅಂತ ನಾನು ಅಂದುಕೊಂಡಿದ್ದೇನೆ.

ಬಿಲ್ಲು ಸಿಕ್ಕಿಹಾಕಿಕೊಳ್ಳುವುದು ಜಾಸ್ತಿ ಗಂಟೆ ಲೆಕ್ಕದಲ್ಲಿ. ಜೆಸಿಬಿಯಲ್ಲಿ ಗಂಟೆಯ ಮೀಟರ್ ಇರುತ್ತದೆ. ಕೆಲಸದ ಜಾಗಕ್ಕೆ ಬಂದ ತಕ್ಷಣ ಅದರ ಫೋಟೋ, ಮುಗಿದ ತಕ್ಷಣ ಇನ್ನೊಂದು ಫೋಟೋ. ಜೊತೆಗೆ ಒಂದು ಹಾಳೆಯ ಲಾಗ್ ಶೀಟ್ ಮಾಡಿದೆವು. ಅದರಲ್ಲಿ ರಸ್ತೆ ಹೆಸರು, ಶುರುವಿನ ರೀಡಿಂಗ್, ಕೊನೆಯ ರೀಡಿಂಗ್, ಏನು ಕೆಲಸ, ಡ್ರೈವರ್ ಸಹಿ, ನಮ್ಮ ವಾಟರ್‌ಮ್ಯಾನ್ ಸಹಿ, ಆ ದಾರಿಯ ಮನೆಯವರೊಬ್ಬರ ಸಹಿ. ಮಳೆಯಲ್ಲಿ ಹಾಳೆ ಒದ್ದೆಯಾಗಿ ಇಂಕು ಹರಡುತ್ತದೆ ಅಂತ ಪ್ಲಾಸ್ಟಿಕ್ ಕವರ್ ಹಾಕಿದ ಪ್ಯಾಡು, ಪೆನ್ಸಿಲು ಕೊಟ್ಟು ಕಳಿಸಿದೆವು. ಆಮೇಲೆ ಕಚೇರಿಯಲ್ಲಿ ಅದರ ಮೇಲೆ ಇಂಕಿನಲ್ಲಿ ಸಹಿ ಹಾಕಿಸಿಕೊಳ್ಳುತ್ತೇವೆ. ಮಿಷನ್ ಬರುವ ದಾರಿಯ ಗಂಟೆ ಯಾರ ಲೆಕ್ಕಕ್ಕೆ, ಕಡಿಮೆ ಅಂದ್ರೆ ಎಷ್ಟು ಗಂಟೆಯ ಬಾಡಿಗೆ, ರಾತ್ರಿ ಕರೆದರೆ ದರ ಬೇರೆಯಾ, ಎಲ್ಲ ಕೊಟೇಷನ್‌ನಲ್ಲೇ ಬರೆಸಿಕೊಂಡಿದ್ದೆವು. ಮೊದಲೇ ಬರೆಯದಿದ್ದರೆ ಜಗಳ ಬರುವುದು ಇವುಗಳಿಂದಲೇ. ಲಾಗ್ ಶೀಟ್ ಸರಿ ಇದ್ದರೆ ಜೆಇ (ಕಿರಿಯ ಇಂಜಿನಿಯರ್) ಎಂ.ಬಿ. (ಅಳತೆ ಪುಸ್ತಕ) ಬರೆಯುವುದಕ್ಕೆ ಹಿಂದೆಮುಂದೆ ನೋಡುವುದಿಲ್ಲ. ಆದಾಯ ತೆರಿಗೆ, ಶೇ. 1 ಕಾರ್ಮಿಕ ಸೆಸ್ ಕಡಿತ ಆಗುತ್ತದೆ ಅಂತ ಗುತ್ತಿಗೆದಾರರಿಗೆ ಮೊದಲ ದಿನವೇ ಹೇಳಿದ್ದೆವು. ಕೈಗೆ ಬರುವುದು ಎಷ್ಟು ಅಂತ ಗೊತ್ತಿದ್ದರೆ ಅವರೂ ಸರಿಯಾದ ದರ ಹಾಕುತ್ತಾರೆ.

ಕೆಲಸದ ಬಗ್ಗೆ ಎರಡು ಷರತ್ತು ಕಡ್ಡಾಯ ಮಾಡಿದ್ದೆವು. ಒಂದು, ಕುಸಿದ ಬರೆಯ ಬುಡ ಕೆರೆಯಬಾರದು. ದಾರಿಗೆ ಬಿದ್ದ ಮಣ್ಣನ್ನಷ್ಟೇ ತೆಗೆಯಬೇಕು. ಅಗಲ ಆಗಲಿ ಅಂತ ಬುಡಕ್ಕೆ ಬಕೆಟ್ ಹಾಕಿದರೆ ಮೇಲಿನದು ನಿಲ್ಲುವುದು ಯಾವುದರ ಮೇಲೆ? ಮಾರನೇ ದಿನ ಅದಕ್ಕಿಂತ ದೊಡ್ಡದು ಬರುತ್ತದೆ. ಎರಡು, ತೆಗೆದ ಮಣ್ಣನ್ನು ಕೆಳಗಿನ ಗದ್ದೆಗೋ ತೋಡಿಗೋ (ಸಣ್ಣ ಹಳ್ಳ) ತಳ್ಳಬಾರದು. ತೋಡು ಕಟ್ಟಿದರೆ ನೀರು ಬೇರೆ ಯಾರದೋ ಅಂಗಳಕ್ಕೆ ನುಗ್ಗುತ್ತದೆ. ಮಣ್ಣು ಹಾಕುವ ಜಾಗವನ್ನೂ ಏಪ್ರಿಲ್‌ನಲ್ಲೇ ಗುರುತು ಮಾಡಿ, ಜಾಗದವರಿಂದ ಬರೆಸಿಕೊಂಡಿದ್ದೆವು. ಬರೆಯಿಂದ ಕೆಸರು ನೀರು ಒಸರುತ್ತಿದ್ದರೆ, ಮೇಲೆ ಬಿರುಕು ಕಂಡರೆ, ಮಿಷನ್ ಹಿಂದಕ್ಕೆ. ಎಷ್ಟೇ ಅವಸರ ಇದ್ದರೂ ಡ್ರೈವರ್ ಜೀವ ಮೊದಲು. ಮರ ಬಿದ್ದಾಗ ತಂತಿ ಸಿಕ್ಕಿಕೊಂಡಿದ್ದರೆ ವಿದ್ಯುತ್ ಕಂಪನಿ ಚೆಸ್ಕಾಂನವರು ಬಂದು ಲೈನ್ ಆಫ್ ಆಗಿದೆ ಅಂತ ಹೇಳುವ ತನಕ ಯಾರೂ ಮುಟ್ಟುವ ಹಾಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಒತ್ತಿ ಹೇಳಬೇಕು: ಚರಂಡಿ. ರಸ್ತೆ ಹಾಳಾಗುವುದು ಗಾಡಿ ಓಡಾಡಿ ಅಲ್ಲ, ನೀರು ನಿಂತು. ಏಪ್ರಿಲ್‌ನಲ್ಲಿ ನಾನು, ಜೆಇ, ವಾಟರ್‌ಮ್ಯಾನ್ ಮೂವರೂ ನಮ್ಮ ರಸ್ತೆಗಳನ್ನು ನಡೆದೇ ನೋಡಿದೆವು. ಜೀಪಿನಲ್ಲಿ ಕೂತರೆ ಗುಂಡಿ ಮಾತ್ರ ಗೊತ್ತಾಗುತ್ತದೆ, ನೀರು ಎಲ್ಲಿ ಅಡ್ಡ ಹಾಯುತ್ತದೆ ಅನ್ನುವುದು ಗೊತ್ತಾಗುವುದಿಲ್ಲ. ಒಂದು ತಿರುವಿನಲ್ಲಿ ಪ್ರತಿ ವರ್ಷ ಡಾಂಬರು ಎದ್ದು ಹೋಗುತ್ತಿತ್ತು. ಮೇಲೆ ಹತ್ತಿ ನೋಡಿದರೆ ಒಂದು ತೋಟದ ಗೇಟಿಗೆ ಹೋಗಲು ಚರಂಡಿ ಮುಚ್ಚಿ ಮಣ್ಣು ಹಾಕಿದ್ದರು. ಅಡಿಯಲ್ಲಿ ಇದ್ದದ್ದು ತೀರಾ ಸಣ್ಣ ಪೈಪು, ಅದರ ಬಾಯಿಗೂ ಸಿಲ್ವರ್ ಓಕ್ ಎಲೆ ತುಂಬಿತ್ತು. ಅಷ್ಟೂ ನೀರು ರಸ್ತೆ ಮೇಲೇ ಬರುತ್ತಿತ್ತು. ತೋಟದವರ ಜೊತೆ ಕೂತು ಮಾತಾಡಿದೆವು. ಪೈಪು ಅವರೇ ತಂದರು, ಅಗೆದು ಕೂರಿಸುವ ಮಿಷನ್ ಗಂಟೆ ನಮ್ಮದು. ಆ ಮಳೆಗಾಲದಲ್ಲಿ ಆ ತಿರುವು ಎದ್ದು ಹೋಗಲಿಲ್ಲ. ಮೇ ಕೊನೆಯೊಳಗೆ ಚರಂಡಿ, ಮೋರಿ ಬಿಡಿಸುವುದಕ್ಕೆ ಖರ್ಚು ಮಾಡಿದಷ್ಟು ಪ್ರಯೋಜನ ಬೇರೆ ಯಾವುದರಲ್ಲೂ ನಾನು ಕಂಡಿಲ್ಲ.

ಮಳೆ ಹಿಡಿದ ಮೇಲೆ ಡಾಂಬರು ಹಾಕಿ ಅಂತ ಒತ್ತಡ ಬರುತ್ತದೆ. ನಾವು ಒಪ್ಪಲಿಲ್ಲ. ಒದ್ದೆ ಗುಂಡಿಗೆ ಡಾಂಬರು ಹಿಡಿಯುವುದಿಲ್ಲ. ಮಳೆ ಬಿಡುವವರೆಗೆ ನೀರು ಬಿಡಿಸಿ, ಕೆಸರು ತೆಗೆದು, ದೊಡ್ಡ ಜಲ್ಲಿ ಮೇಲೆ ಸಣ್ಣ ಜಲ್ಲಿ, ಜಲ್ಲಿಪುಡಿ ಹಾಕಿ ಗುದ್ದಿಸಿದೆವು. ಶಾಲೆ ಬಸ್ಸು ಓಡಾಡಲು ಅಷ್ಟು ಸಾಕು.

ಡಾಂಬರಿನ ಟೆಂಡರ್ ಅಷ್ಟರಲ್ಲಿ ಮುಗಿದಿರುತ್ತದೆ. ಸೆಪ್ಟೆಂಬರ್‌ನ ಕೈಲ್ ಮುಹೂರ್ತ ಹಬ್ಬ ಕಳೆದು ಮಳೆ ಬಿಡುವು ಕೊಟ್ಟ ಕೂಡಲೇ ಕೆಲಸ ಶುರು ಮಾಡಿಸುತ್ತೇವೆ. ಅಕ್ಟೋಬರ್‌ನ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗುವ ಗಾಡಿಗಳು ಒಳದಾರಿಗೂ ಬರುತ್ತವೆ, ಅದರೊಳಗೆ ಮುಖ್ಯ ತಿರುವುಗಳು ಆಗಬೇಕು. ಗುಂಡಿಯ ಅಂಚನ್ನು ನೇರ ಕತ್ತರಿಸಿ, ಗುಡಿಸಿ, ಡಾಂಬರು ಎರಚಿದ ಮೇಲೆಯೇ ಜಲ್ಲಿ ಹಾಕಬೇಕು ಅಂತ ಕಾರ್ಯಾದೇಶದಲ್ಲೇ ಇದೆ. ಈ ಮೂರೂ ಹಂತದ ಫೋಟೋ ಇಲ್ಲದ ಗುಂಡಿಯನ್ನು ಅಳತೆಗೆ ತೆಗೆದುಕೊಳ್ಳುವುದಿಲ್ಲ.