ಟೊಮೆಟೊ ಕಾಯುವ ನೀರಿನ ಕ್ಯಾನುಗಳು

ಈ ಮೇ ತಿಂಗಳಲ್ಲೂ ಮೂರು ಮನೆಗಳಿಂದ ಕರೆ ಬಂತು. "ಆಂಟಿ, ಟೊಮೆಟೊ ಎಲೆಯ ಅಡಿಭಾಗ ನೇರಳೆಗೆ ತಿರುಗಿದೆ, ಯಾವ ಗೊಬ್ಬರ ಹಾಕಲಿ?" ಯಾವ ಗೊಬ್ಬರವೂ ಬೇಡ. ಗಿಡಕ್ಕೆ ಚಳಿಯಾಗಿದೆ. ಬೇರು ತಣ್ಣಗಾದರೆ ಮಣ್ಣಿನಲ್ಲಿರುವ ರಂಜಕವನ್ನೇ ಅದು ಎಳೆದುಕೊಳ್ಳಲಾರದು, ಅದಕ್ಕೇ ಆ ಬಣ್ಣ. ಅದರ ಮೇಲೆ ಇನ್ನಷ್ಟು ಗೊಬ್ಬರ ಸುರಿಯುವುದೆಂದರೆ ಜ್ವರ ಬಂದ ಮಗುವಿನ ಬಾಯಿಗೆ ಒಬ್ಬಟ್ಟು ತುರುಕಿದ ಹಾಗೆ.

ನಾನು ಇಂಗ್ಲೆಂಡಿನ ಯಾರ್ಕ್‌ಷೈರಿಗೆ ಬಂದು ಮೂವತ್ತು ವರ್ಷ ದಾಟಿದೆ. ಕೋಲಾರದ ಕಡೆಯ ಸೊಸೆ. ಅಲ್ಲಿ ಟೊಮೆಟೊ ಗಿಡಕ್ಕೆ ಯಾರೂ ಮುದ್ದು ಮಾಡುವುದಿಲ್ಲ. ಬೆಲೆ ಬಿದ್ದ ವರ್ಷ ಹಣ್ಣನ್ನು ರಸ್ತೆ ಬದಿಗೆ ಸುರಿದು ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ. ನಮ್ಮತ್ತೆ ಅದನ್ನು ಗೂದೆಹಣ್ಣು ಎನ್ನುತ್ತಿದ್ದರು, ಶ್ರಾದ್ಧದ ಅಡುಗೆಯ ದಿನ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಅದೇ ಹಣ್ಣಿಗಾಗಿ ಇಲ್ಲಿ ನಾನು ಚಳಿಯಲ್ಲಿ ಸ್ವೆಟರ್ ಹಾಕಿಕೊಂಡು ಗಾಜಿನ ಮನೆಯ ಕಾವಲು ಕಾಯುತ್ತೇನೆ. ಅಂಗಡಿಯ ಹಣ್ಣಿನಲ್ಲಿ ಮಾಡಿದ ಸಾರು ಬಣ್ಣದ ನೀರು, ಇನ್ನೇನು ಮಾಡಲಿ?

ಬೀಜದ ವಿಷಯ ಹೆಚ್ಚು ಹೇಳುವುದಿಲ್ಲ, ಪೊಟ್ಟಣದ ಮೇಲೇ ಇರುತ್ತದೆ. ಬೇಗ ಹಣ್ಣಾಗುವ ತಳಿಯನ್ನೇ ತನ್ನಿ. ಕೆನಡಾದಲ್ಲಿ ರೂಪಿಸಿದ ಸಬ್ ಆರ್ಕ್ಟಿಕ್ ಪ್ಲೆಂಟಿ ನನ್ನ ಮನೆಯಲ್ಲಿ ಎಲ್ಲಕ್ಕಿಂತ ಮೊದಲು. ರುಚಿಗೆ ಸನ್‌ಗೋಲ್ಡ್. ಮಾರ್ಚ್ ಮಧ್ಯದಲ್ಲಿ ಬಿತ್ತಿ, ಬಿಸಿನೀರಿನ ಸಿಲಿಂಡರ್ ಇರುವ ಕಪಾಟಿನಲ್ಲಿಡಿ. ಮೊಳಕೆ ತಲೆ ಎತ್ತಿದ ದಿನವೇ ಕಿಟಕಿಗೆ ಬರಬೇಕು. ಒಂದು ದಿನ ಮರೆತರೂ ಸಸಿ ದಾರದಂತೆ ಉದ್ದವಾಗುತ್ತದೆ. ಹಾಗೆಯೇ ಒಂದು ಮಾತು: ಈ ಕಪಾಟಿನಲ್ಲೇ ನಾನು ಮೊಸರಿಗೂ ಹೆಪ್ಪು ಹಾಕಿಡುತ್ತೇನೆ. ಚಳಿಗಾಲದಲ್ಲಿ ಮೊಸರು ಕೂರುವುದಿಲ್ಲ ಎಂದು ಡಬ್ಬಿ ಮೊಸರು ತರುವವರು, ಹಾಲು ಬೆರಳಿಗೆ ಹಿತವಾಗಿ ಬೆಚ್ಚಗಿರುವಾಗ ಹೆಪ್ಪು ಬೆರೆಸಿ, ಪಾತ್ರೆಗೆ ಹಳೆಯ ಟವೆಲ್ ಸುತ್ತಿ ಅಲ್ಲಿಟ್ಟು ನೋಡಿ. ರಾತ್ರಿ ಹತ್ತು ಸಲ ಮುಚ್ಚಳ ತೆಗೆದು ನೋಡಬೇಡಿ ಮತ್ತೆ.

ಇನ್ನು ಗಾಜಿನ ಮನೆ. ಹೀಟರ್ ಇಲ್ಲದ ಗಾಜಿನ ಮನೆ ಹಗಲಿನಲ್ಲಿ ಸುಳ್ಳು ಹೇಳುತ್ತದೆ. ಏಪ್ರಿಲ್ ಮಧ್ಯಾಹ್ನ ಒಳಗೆ ಹೋದರೆ ಬೆವರು ಬರುತ್ತದೆ, ಅದನ್ನು ನಂಬಿ ಹುಡುಗರು ಸಸಿಗಳನ್ನೆಲ್ಲ ನೆಟ್ಟುಬಿಡುತ್ತಾರೆ. ಗಾಜು ಹಿಡಿದ ಬಿಸಿ ಸೂರ್ಯ ಇಳಿದ ಒಂದೆರಡು ಗಂಟೆಯಲ್ಲಿ ಖಾಲಿ. ಬೆಳಗಿನ ಜಾವ ಒಳಗೂ ಹೊರಗೂ ಹೆಚ್ಚು ವ್ಯತ್ಯಾಸವೇ ಇರುವುದಿಲ್ಲ. ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುತ್ತಲೇ ಇದ್ದರೆ ಮೊದಲ ಗೊಂಚಲಿನ ಹೂವು ಕಾಯಿ ಕಟ್ಟದೆ ಉದುರುತ್ತದೆ. ಮೊದಲ ಗೊಂಚಲು ಹೋದ ಮೇಲೆ ಬೇಗ ಹಣ್ಣಾಗುವ ತಳಿ ತಂದು ಏನು ಬಂತು? ಒಬ್ಬ ಹುಡುಗ ಒಳಗೆ ಬೆಚ್ಚಗಾಗಲಿ ಎಂದು ಮಣ್ಣಿನ ಕುಂಡವನ್ನು ಬೋರಲು ಹಾಕಿ ಕೆಳಗೆ ಪುಟ್ಟ ಮೇಣದಬತ್ತಿ ಹಚ್ಚಿಟ್ಟಿದ್ದ. ಕಾರ್ತಿಕ ದೀಪೋತ್ಸವಕ್ಕೆ ಚೆನ್ನಾಗಿತ್ತು.

ನನಗೆ ಇದರ ಉಪಾಯ ಹೊಳೆದದ್ದು ನಮ್ಮತ್ತೆಯ ಬಚ್ಚಲುಮನೆಯ ನೆನಪಿನಿಂದ. ಅಲ್ಲಿ ಒಲೆಗೆ ಹೂತ ದೊಡ್ಡ ತಾಮ್ರದ ಹಂಡೆ. ಸಂಜೆಯೇ ಸೌದೆ ಉರಿದು ಆರಿದರೂ ಬೆಳಗ್ಗೆ ಮುಖ ತೊಳೆಯುವ ನೀರು ಬೆಚ್ಚಗೇ ಇರುತ್ತಿತ್ತು, ಮನೆಯ ಬೆಕ್ಕು ಇಡೀ ರಾತ್ರಿ ಹಂಡೆಗೆ ಬೆನ್ನು ಒರಗಿಸಿ ಮಲಗಿರುತ್ತಿತ್ತು. ನೀರು ಬಿಸಿಯನ್ನು ಬೇಗ ಬಿಟ್ಟುಕೊಡುವುದಿಲ್ಲ. ಗಾಜಿನ ಮನೆಗೂ ಒಂದು ಹಂಡೆ ಬೇಕು, ಅಷ್ಟೇ.

ಅಡುಗೆ ಎಣ್ಣೆಯ ಐದು ಲೀಟರಿನ ಖಾಲಿ ಕ್ಯಾನುಗಳನ್ನು ಎಸೆಯದೆ ಕೂಡಿಡಿ. ನನ್ನ 8 ಅಡಿ ಉದ್ದ, 6 ಅಡಿ ಅಗಲದ ಗಾಜಿನ ಮನೆಯಲ್ಲಿ 18 ಇವೆ. ಕುದಿಯುವ ನೀರು, ಸೋಪು ಹಾಕಿ ಜಿಡ್ಡು ಪೂರ್ತಿ ತೆಗೆಯಿರಿ, ಇಲ್ಲದಿದ್ದರೆ ಬಿಸಿಲು ಹೀರಲೆಂದು ಹೊರಗೆ ಬಳಿಯುವ ಕಪ್ಪು ಬಣ್ಣ ಸಿಪ್ಪೆಯಂತೆ ಎದ್ದು ಬರುತ್ತದೆ. ಆ ಬಣ್ಣ ಹೊಳಪಿನದಾಗಬಾರದು, ಶಾಲೆಯ ಹಲಗೆಗೆ ಬಳಿಯುವ ಮಂಕು ಕಪ್ಪೇ ಆಗಬೇಕು. ಹೊಳೆಯುವ ಬಣ್ಣ ಸ್ವಲ್ಪ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ನೀರನ್ನು ಕಂಠಪೂರ್ತಿ ತುಂಬಬೇಡಿ, ನಾಲ್ಕು ಬೆರಳು ಜಾಗ ಬಿಡಿ. ಜನವರಿಯಲ್ಲಿ ಅದು ಹೆಪ್ಪುಗಟ್ಟಿ ಉಬ್ಬಿದಾಗ ಕ್ಯಾನ್ ಬಿರಿಯುತ್ತದೆ, ನನ್ನವು ನಾಲ್ಕು ಹಾಗೆಯೇ ಹೋದವು. ಮುಚ್ಚಳ ಬಿಗಿಯಾಗಿರಲಿ. ತೆರೆದಿಟ್ಟ ನೀರು ಆವಿಯಾಗಿ ಗಾಜಿನ ಮೇಲೆಲ್ಲ ಕೂತು, ಎಲೆಗೆ ಬೂಷ್ಟು ಹಿಡಿಸುತ್ತದೆ.

ಉತ್ತರದ ಗೋಡೆಯ ಉದ್ದಕ್ಕೂ, ಹಲಗೆಯ ಮೇಲೆ ಸಾಲಾಗಿ ಜೋಡಿಸಿ. ನೆಲಕ್ಕೆ ತಾಗಿದರೆ ಹಗಲೆಲ್ಲ ಕೂಡಿಟ್ಟ ಬಿಸಿಯನ್ನು ನೆಲವೇ ಕುಡಿಯುತ್ತದೆ. ಕ್ಯಾನಿನ ಎದುರು ಒಂದು ಗೇಣು ಬಿಟ್ಟು ಗಿಡ. ಮೇ ಮೊದಲ ವಾರದಲ್ಲಿ ನೆಡುವಾಗ ಸಸಿಯನ್ನು ಕಾಂಡದ ಅರ್ಧದವರೆಗೂ ಹೂಳಿ, ಹೂತ ಕಾಂಡವೇ ಬೇರು ಬಿಡುತ್ತದೆ.

ಎಲ್ಲರೂ ಎಡವುವುದು ಬಾಗಿಲು ಮುಚ್ಚುವ ಹೊತ್ತಿನಲ್ಲಿ. ಕೆಲಸದಿಂದ ಬಂದು, ಚಹಾ ಕುಡಿದು, ಕತ್ತಲಾಗುವಾಗ ಮುಚ್ಚುತ್ತಾರೆ. ಒಳಗೆ ಆಗ ಉಳಿದಿರುವುದೇನು? ಬಿಸಿಲು ಪಕ್ಕದ ಮನೆಯ ಸೂರಿನ ಹಿಂದೆ ಸರಿಯುವುದಕ್ಕೆ ಒಂದು ಗಂಟೆ ಮೊದಲೇ ನಾನು ಬಾಗಿಲು, ಮೇಲಿನ ಕಿಂಡಿ ಎರಡನ್ನೂ ಮುಚ್ಚುತ್ತೇನೆ. ಕ್ಯಾನಿನ ಮೇಲೆ ಅಂಗೈ ಇಟ್ಟರೆ ಮಲಗಿದ್ದು ಎದ್ದ ಮಗುವಿನ ಕೆನ್ನೆಯ ಬಿಸಿ ಇರಬೇಕು. ಆಮೇಲೆ ಬಿದಿರಿನ ಕಡ್ಡಿ ಊರಿ, ಗಿಡವೂ ಕ್ಯಾನೂ ಒಟ್ಟಿಗೆ ಒಳಗಾಗುವಂತೆ ಹಳೆಯ ಹತ್ತಿ ಸೀರೆಯನ್ನು ಡೇರೆಯಂತೆ ಹೊದಿಸುತ್ತೇನೆ. ಗಿಡವನ್ನಷ್ಟೇ ಮುಚ್ಚಿ ಕ್ಯಾನನ್ನು ಹೊರಗೆ ಬಿಟ್ಟರೆ, ಹಂಡೆ ಒಂದು ಕೋಣೆಯಲ್ಲಿ, ಬೆಕ್ಕು ಇನ್ನೊಂದರಲ್ಲಿ! ಸೀರೆ ಎಲೆಗೆ ತಾಗಬಾರದು. ಬೆಳಗ್ಗೆ ಗಾಜಿಗೆ ಬಿಸಿಲು ಬಿದ್ದ ಕೂಡಲೇ ತೆಗೆಯಬೇಕು, ಮಧ್ಯಾಹ್ನದವರೆಗೆ ಬಿಟ್ಟರೆ ಗಿಡ ಬೇಯುತ್ತದೆ. ಇದರಿಂದ ಸಿಗುವುದು ಎರಡು ಮೂರು ಡಿಗ್ರಿ ಮಾತ್ರ ಎಂದು ಮಗ ಥರ್ಮಾಮೀಟರ್ ಇಟ್ಟು ನಕ್ಕ. ಜುಲೈ ಮೊದಲ ವಾರ ತಿಳಿಸಾರು ಬಡಿಸಿದಾಗ ನಗಲಿಲ್ಲ.

ಬೆಳಗ್ಗೆ ಗಿಡಕ್ಕೆ ಹಾಕುವ ನೀರೂ ಈ ಕ್ಯಾನಿನದ್ದೇ. ಕೊಳಾಯಿಯ ಕೊರೆಯುವ ನೀರನ್ನು ಬೇರಿಗೆ ಹುಯ್ದರೆ ರಾತ್ರಿಯ ಶ್ರಮವೆಲ್ಲ ನೀರುಪಾಲು. ತೆಗೆದಷ್ಟು ಆಗಲೇ ತುಂಬಿಸಿಡಿ, ಸಂಜೆಯೊಳಗೆ ಕಾಯುತ್ತದೆ. ಒಂದು ದಿನ ಕೆರೆ, ಮೂರು ದಿನ ಬರ ಎಂಬಂತೆ ನೀರು ಕೊಟ್ಟರೆ ಕಾಯಿಯ ತಳ ಕಪ್ಪಾಗಿ ಕೊಳೆಯುತ್ತದೆ. ಆಗ ಮತ್ತೆ ಫೋನ್ ಮಾಡಬೇಡಿ.

ಹೂ ಬಿಟ್ಟಾಗ ಮಧ್ಯಾಹ್ನ ಗೊಂಚಲನ್ನು ಬೆರಳಿನಿಂದ ತಟ್ಟಿ, ಮುಚ್ಚಿದ ಮನೆಗೆ ದುಂಬಿ ಬರುವುದಿಲ್ಲ. ಸನ್‌ಗೋಲ್ಡಿನ ಎಲೆ-ಕಾಂಡದ ಸಂದಿಯಲ್ಲಿ ಬರುವ ಕಂಕುಳ ಚಿಗುರು ಚಿವುಟಿ. ಸಬ್ ಆರ್ಕ್ಟಿಕ್ ಪೊದೆಯಾಗಿ ಬೆಳೆಯುವಂಥದ್ದು, ಅದರ ತಂಟೆಗೆ ಹೋಗಬೇಡಿ. ವೀಡಿಯೊ ನೋಡಿ ಅದನ್ನೂ ಚಿವುಟಿ ಬೋಳು ಮಾಡಿದ ಸೊಸೆಗೆ ಆ ವರ್ಷ ಸಿಕ್ಕದ್ದು ಒಂದು ಬಟ್ಟಲು ಹಣ್ಣು.

ಜೂನ್ ಮಧ್ಯಕ್ಕೆ ಸೀರೆ ಒಗೆದು ಎತ್ತಿಡಿ, ಕ್ಯಾನು ಅಲ್ಲೇ ಇರಲಿ. ಸನ್‌ಗೋಲ್ಡ್ ಕೆಂಪಾಗಲಿ ಎಂದು ಕಾಯುತ್ತಾ ಕೂರಬೇಡಿ, ಅದು ಕಿತ್ತಳೆ ಬಣ್ಣಕ್ಕೇ ಹಣ್ಣು, ಬಿಟ್ಟರೆ ಗಿಡದಲ್ಲೇ ಸೀಳುತ್ತದೆ. ಕಿತ್ತದ್ದನ್ನು ಫ್ರಿಜ್ಜಿಗೆ ಹಾಕದೆ ಬುಟ್ಟಿಯಲ್ಲಿಡಿ.