ಕಪ್ಪು ಕೂದಲಿನಿಂದ ಹೊಂಬಣ್ಣಕ್ಕೆ: ಮಲೆನಾಡಿನ ಮನೆಯಲ್ಲಿ ಬ್ಲೀಚ್ ಮಾಡುವ ಕ್ರಮ

ಹೊಂಬಣ್ಣದ ಚಿತ್ರವಿರುವ ಹೇರ್ ಕಲರ್ ಡಬ್ಬಿ ತಂದು ಕಪ್ಪು ಕೂದಲಿಗೆ ಹಚ್ಚಿದರೆ ಹೊಂಬಣ್ಣ ಬರುವುದಿಲ್ಲ. ಬಿಸಿಲಿಗೆ ನಿಂತಾಗ ಕಾಣುವಷ್ಟು ಕೆಂಪು ಛಾಯೆ ಬಂದೀತು, ಅಷ್ಟೇ. ಮೊದಲು ಕೂದಲೊಳಗಿನ ಕಪ್ಪು ತೆಗೆಯಬೇಕು, ಬಣ್ಣದ ಮಾತು ಆಮೇಲೆ. ತೆಗೆಯುವುದು ಬ್ಲೀಚ್, ಉಳಿದ ಹಳದಿಯನ್ನು ಹದಕ್ಕೆ ತರುವುದು ಟೋನರ್. ಕೂದಲು ಕೆಡುವುದು ಹೆಚ್ಚಾಗಿ ಮೊದಲನೆಯದರಲ್ಲಿ, ಅದೂ ಅವಸರದಿಂದ.

ಕೂದಲಿನ ಬಣ್ಣವನ್ನು 1ರಿಂದ 10ರವರೆಗೆ ಲೆವೆಲ್ ಎಂದು ಎಣಿಸುತ್ತಾರೆ. 1 ಅಚ್ಚ ಕಪ್ಪು, 10 ತೀರಾ ತಿಳಿ. ನಮ್ಮಲ್ಲಿ ಬಹುಪಾಲು ಜನರದು 1, 2 ಅಥವಾ 3. ಬ್ಲೀಚ್ ಬಿದ್ದ ಕೂದಲು ಕಪ್ಪಿನಿಂದ ನೇರ ಹಳದಿಗೆ ಹಾರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. 4–5ರ ಹೊತ್ತಿಗೆ ಜಂಬಿಟ್ಟಿಗೆ ಕಲ್ಲಿನ ಕೆಂಪು. 6–7ಕ್ಕೆ ಹಣ್ಣಡಿಕೆ ಸಿಪ್ಪೆಯ ಕಿತ್ತಳೆ. 8–9ಕ್ಕೆ ಹಲಸಿನ ತೊಳೆಯ ಹಳದಿ. 10ಕ್ಕೆ ಬಾಳೆಹಣ್ಣಿನ ಸಿಪ್ಪೆಯ ಒಳಮೈ. ಕಿತ್ತಳೆ ಕಂಡ ಕೂಡಲೇ ಎಲ್ಲಾ ಹಾಳಾಯಿತು ಎಂದು ಗಾಬರಿಯಾಗುವವರೇ ಹೆಚ್ಚು. ಅದು ದಾರಿಯ ನಡುವೆ ಸಿಗುವ ಊರು, ಹಾಳಾದ ಗುರುತಲ್ಲ.

ಅಚ್ಚ ಕಪ್ಪಿನಿಂದ 10ಕ್ಕೆ ಹೋಗಲು ಎರಡು ಮೂರು ಸಲ ಬ್ಲೀಚ್ ಬೇಕು, ನಡುವೆ ಕನಿಷ್ಠ ಎರಡು ವಾರ ಬಿಡುವು. ಮನೆಯಲ್ಲಿ ಮಾಡುವವರು 8ಕ್ಕೆ ನಿಲ್ಲುವುದು ಒಳ್ಳೆಯದು. ಜೇನಿನಂಥ ಹೊಂಬಣ್ಣ ನಮ್ಮ ಮೈಬಣ್ಣಕ್ಕೆ ಚೆನ್ನಾಗಿ ಒಪ್ಪುತ್ತದೆ, ಕೂದಲೂ ಉಳಿಯುತ್ತದೆ.

ಯಾರು ಮಾಡಬಾರದು

ಕಳೆದ ಒಂದೆರಡು ವರ್ಷದಲ್ಲಿ ಮೆಹಂದಿ ಹಚ್ಚಿದ್ದರೆ ಮೊದಲು ಆ ಪೊಟ್ಟಣದ ಹಿಂಬದಿ ಓದಿ. ಬರೀ ಸೊಪ್ಪಿನ ಪುಡಿಯಾಗಿದ್ದರೆ ಅಪಾಯವಿಲ್ಲ, ಆದರೆ ಕಿತ್ತಳೆ ಬಣ್ಣ ಹಟಮಾಡಿ ಕೂರುತ್ತದೆ. ಜೊತೆಗೆ ನೀಲಿ ಸೊಪ್ಪು (ಇಂಡಿಗೊ) ಸೇರಿದ್ದರೆ ಹಸಿರು ಬರಬಹುದು. ಲೋಹದ ಲವಣ ಬೆರೆಸಿದ ಬಣ್ಣಗಳ ವಿಷಯ ಬೇರೆ: ಬ್ಲೀಚ್ ಪುಡಿಗೆ ಕಲಸುವ ಪೆರಾಕ್ಸೈಡ್ ತಗುಲಿದರೆ ಕೂದಲು ಕೈಗೆ ಬಿಸಿ ತಾಗುವಷ್ಟು ಕಾದು, ಹೊಗೆಯಾಡಿ, ತುಂಡಾಗುತ್ತದೆ. ಆ ಕೂದಲು ಬೆಳೆದು ಕತ್ತರಿಸಿ ಹೋಗುವ ತನಕ ಕಾಯದೆ ಬೇರೆ ದಾರಿಯಿಲ್ಲ. ಸ್ಟ್ರೇಟನಿಂಗ್ ಮಾಡಿಸಿದ ಕೂದಲಿಗೂ ಮನೆಯಲ್ಲಿ ಬ್ಲೀಚ್ ಬೇಡ. ಉಬ್ಬಸ ಇರುವವರು ಇದರಿಂದ ದೂರವೇ ಇರಬೇಕು. ಬ್ಲೀಚ್ ಪುಡಿಯಲ್ಲಿರುವ ಪರ್ಸಲ್ಫೇಟ್ ಉಬ್ಬಸ ಕೆರಳಿಸುತ್ತದೆ. ತಲೆಯಲ್ಲಿ ಗಾಯ, ಕಜ್ಜಿ ಇದ್ದರೆ ವಾಸಿಯಾಗುವ ತನಕ ತಡೆಯಿರಿ.

ನೀರಿನ ಮಾತು

ಮಲೆನಾಡಿನವರು ಇದನ್ನು ಬಿಡುವ ಹಾಗಿಲ್ಲ. ಬಚ್ಚಲೊಲೆಯ ತಾಮ್ರದ ಹಂಡೆಯಲ್ಲಿ ರಾತ್ರಿಯಿಡೀ ನಿಂತ ನೀರಿನಲ್ಲಿ ತಲೆಗೆ ಸ್ನಾನ ಮಾಡುವ ಮನೆಗಳು ಇನ್ನೂ ಬೇಕಾದಷ್ಟಿವೆ. ತಾಮ್ರದ ಅಂಶ ಕೂದಲಿನಲ್ಲಿ ಸೇರಿಕೊಂಡಿದ್ದರೆ ಪೆರಾಕ್ಸೈಡ್ ಅಲ್ಲಿ ಅಳತೆ ಮೀರಿ ಕೆಲಸ ಮಾಡಿ ಎಳೆಯನ್ನು ಸವೆಸುತ್ತದೆ. ತಿಳಿಯಾದ ಕೂದಲಿಗೆ ಹಸಿರು ಛಾಯೆಯೂ ಬರುತ್ತದೆ. ಬೋರ್‌ವೆಲ್ ನೀರಿನಿಂದ ಬಕೆಟ್ಟಿನ ಒಳಗೆ ಕೆಂಪು ಕರೆ ಕಟ್ಟುತ್ತಿದ್ದರೆ ಅದು ಕಬ್ಬಿಣ, ಅದರದೂ ಇದೇ ಕಥೆ. ಬ್ಲೀಚಿಗೆ ಎರಡು ವಾರ ಮುಂಚಿನಿಂದ ತಲೆಸ್ನಾನಕ್ಕೆ ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿದ ನೀರು ಬಳಸಿ. ಇಡಿಟಿಎ ಇರುವ, ಲೋಹದ ಅಂಶ ತೆಗೆಯುವ ಶಾಂಪೂ ಸಿಕ್ಕರೆ ಎರಡು ಸಲ ಹಾಕಿ ತೊಳೆಯಿರಿ.

ಸಾಮಾನು

ಶಿವಮೊಗ್ಗದ ಗಾಂಧಿ ಬಜಾರಿನಲ್ಲೋ ದುರ್ಗಿಗುಡಿಯಲ್ಲೋ ಅಂಗಡಿಗೆ ಹೋಗಿ ಬರೀ ‘ಬ್ಲೀಚ್ ಕೊಡಿ’ ಅಂದರೆ ಮುಖಕ್ಕೆ ಹಚ್ಚುವ ಕ್ರೀಮ್ ಕೈಗೆ ಬರಬಹುದು. ‘ಕೂದಲಿನ ಬ್ಲೀಚ್ ಪುಡಿ, 20 ವಾಲ್ಯೂಮ್ ಡೆವಲಪರ್’ ಎಂದು ಬಿಡಿಸಿ ಕೇಳಿ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಬೇರೆಯೇ ವಸ್ತು, ಅದನ್ನು ತಲೆಯ ಹತ್ತಿರವೂ ತರಬೇಡಿ.

ಡೆವಲಪರ್ ಅಂದರೆ ಹೈಡ್ರೋಜನ್ ಪೆರಾಕ್ಸೈಡ್. 10 ವಾಲ್ಯೂಮ್ ಅಂದರೆ ಶೇಕಡ 3, 20 ಅಂದರೆ 6, 30 ಅಂದರೆ 9, 40 ಅಂದರೆ 12. ಮನೆಯ ಕೆಲಸಕ್ಕೆ 20 ಸಾಕು. ನಿಧಾನವಾಗಿ ಕೆಲಸ ಮಾಡುತ್ತದೆ, ತಪ್ಪಾದರೆ ತಿದ್ದಿಕೊಳ್ಳಲು ಸಮಯ ಕೊಡುತ್ತದೆ. 40 ತಲೆಯ ಚರ್ಮಕ್ಕೆ ತಾಗಿದರೆ ಸುಡುತ್ತದೆ.

ಭುಜದವರೆಗಿನ ದಟ್ಟ ಕೂದಲಿಗೆ 90 ಗ್ರಾಂ ಪುಡಿ, 180 ಮಿಲಿ ಡೆವಲಪರ್ ಲೆಕ್ಕ ಹಿಡಿಯಿರಿ. ಅರ್ಧಕ್ಕೆ ಮುಗಿದರೆ ಫಜೀತಿ, ಹಾಗಾಗಿ ಇನ್ನೊಂದು ಪೊಟ್ಟಣ ಜೊತೆಗಿರಲಿ. ಪ್ಲಾಸ್ಟಿಕ್ ಅಥವಾ ಗಾಜಿನ ಬಟ್ಟಲು (ಸ್ಟೀಲ್, ಅಲ್ಯುಮಿನಿಯಂ ಬೇಡ), ಹಚ್ಚುವ ಬ್ರಷ್, ಕೈಗವಸು, ನಾಲ್ಕು ಪ್ಲಾಸ್ಟಿಕ್ ಕ್ಲಿಪ್, ಪ್ಲಾಸ್ಟಿಕ್ ಟೋಪಿ, ವ್ಯಾಸಲೀನ್, ಹಳೆ ಟವೆಲ್, ಅಡುಗೆಮನೆಯ ಚಿಕ್ಕ ತಕ್ಕಡಿ. ಮಳೆಗಾಲದಲ್ಲಿ ಒಡೆದಿಟ್ಟ ಬ್ಲೀಚ್ ಪುಡಿ ತೇವ ಹೀರಿ ಗಂಟಾಗುತ್ತದೆ, ಶಕ್ತಿ ಕಳೆದುಕೊಳ್ಳುತ್ತದೆ. ಗಂಟಾದ ಪುಡಿ ಬೇಡ, ಹೊಸದು ತನ್ನಿ.

ಹಿಂದಿನ ಎರಡು ದಿನ

48 ಗಂಟೆ ಮೊದಲು ಟೋನರನ್ನು ಅದರ ಪೊಟ್ಟಣದಲ್ಲಿ ಹೇಳಿದ ಹಾಗೆ ಕಿವಿಯ ಹಿಂದೆ ಒಂದು ಚುಕ್ಕಿ ಹಚ್ಚಿ ನೋಡಿ. ತುರಿಕೆ, ಊತ ಬಂದರೆ ಅಲ್ಲಿಗೇ ನಿಲ್ಲಿಸಿ.

ಅದೇ ದಿನ ಎಳೆ ಪರೀಕ್ಷೆ. ಕುತ್ತಿಗೆಯ ಹತ್ತಿರ, ಕಾಣದ ಕಡೆ, ಪೆನ್ಸಿಲಿನಷ್ಟು ದಪ್ಪದ ಗೊಂಚಲು ತೆಗೆದುಕೊಂಡು ಒಂದು ಚಮಚ ಪುಡಿಗೆ ಎರಡು ಚಮಚ ಡೆವಲಪರ್ ಕಲಸಿ ಹಚ್ಚಿ. ಐದೈದು ನಿಮಿಷಕ್ಕೆ ಒರೆಸಿ ನೋಡಿ, ಯಾವ ಬಣ್ಣಕ್ಕೆ ಎಷ್ಟು ನಿಮಿಷ ಎಂದು ಬರೆದಿಡಿ. ಬಿಸಿಯಾದರೆ ತಕ್ಷಣ ತೊಳೆಯಿರಿ: ಅದು ಲೋಹದ ಗುರುತು. ತೊಳೆದ ಮೇಲೆ ಒಂದು ಒದ್ದೆ ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಸ್ವಲ್ಪ ಹಿಗ್ಗಿ ಮತ್ತೆ ಮೊದಲಿನಂತಾದರೆ ಗಟ್ಟಿಯಿದೆ. ನೆನೆದ ಶಾವಿಗೆಯ ಹಾಗೆ ಉದ್ದಕ್ಕೆ ಬಂದು ಹಾಗೇ ಉಳಿದರೆ, ಅಥವಾ ಪಟಕ್ಕನೆ ತುಂಡಾದರೆ, ಈ ಕೂದಲಿಗೆ ಬ್ಲೀಚ್ ತಡೆಯುವ ಶಕ್ತಿ ಇಲ್ಲ.

ಹಿಂದಿನ ದಿನ ತಲೆ ತೊಳೆಯಬೇಡಿ, ಉಗುರಿನಿಂದ ಕೆರೆಯಲೂ ಬೇಡಿ. ರಾತ್ರಿ ಕೂದಲಿಗೆ ತೆಳುವಾಗಿ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಬಹುದು. ಅದು ಎಳೆಯೊಳಗೆ ಇಳಿದು ಪ್ರೋಟೀನ್ ಸವೆತ ಕಡಿಮೆ ಮಾಡುತ್ತದೆ, ಬ್ಲೀಚಿಗೆ ಅಡ್ಡ ಬರುವುದಿಲ್ಲ.

ಹಚ್ಚುವ ದಿನ

ಹಗಲು ಹೊತ್ತಿನಲ್ಲಿ, ಕಿಟಕಿಯ ಬೆಳಕಿನಲ್ಲಿ ಮಾಡಿ. ಟ್ಯೂಬ್‌ಲೈಟಿನಲ್ಲಿ ಕಿತ್ತಳೆಯೂ ಹಳದಿಯಾಗಿ ಕಂಡು ಮೋಸವಾಗುತ್ತದೆ. ಮೊದಲು ಟ್ಯಾಂಕ್ ನೋಡಿ, ನಾಲ್ಕು ಬಕೆಟ್ ನೀರು ತುಂಬಿಸಿಟ್ಟುಕೊಳ್ಳಿ. ಆಷಾಢದ ಗಾಳಿಮಳೆಗೆ ಕರೆಂಟ್ ಹೋಗಿ, ಪಂಪ್ ನಿಂತು, ತಲೆಯಲ್ಲಿ ಬ್ಲೀಚ್ ಕೂತಿದ್ದರೆ ಏನು ಮಾಡಿದರೂ ತಡವೇ.

ಬೈತಲೆ ತೆಗೆದು ಹಣೆಯಿಂದ ಕುತ್ತಿಗೆಗೆ, ಒಂದು ಕಿವಿಯಿಂದ ಇನ್ನೊಂದಕ್ಕೆ ನಾಲ್ಕು ಭಾಗ ಮಾಡಿ ಕ್ಲಿಪ್ ಹಾಕಿ. ಹಣೆಯಂಚು, ಕಿವಿ, ಕುತ್ತಿಗೆಗೆ ವ್ಯಾಸಲೀನ್ ಸವರಿ. 30 ಗ್ರಾಂ ಪುಡಿಗೆ 60 ಮಿಲಿ ಡೆವಲಪರ್ ಹಾಕಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ. ನೀರುದೋಸೆ ಹಿಟ್ಟಿನಷ್ಟು ತೆಳುವಾದರೆ ಸೋರಿ ಕಣ್ಣಿಗೆ ಇಳಿಯುತ್ತದೆ. ಎಲ್ಲವನ್ನೂ ಒಟ್ಟಿಗೆ ಕಲಸಬೇಡಿ; ಕೊನೆಯ ಭಾಗಕ್ಕೆ ಬರುವಷ್ಟರಲ್ಲಿ ಬಟ್ಟಲಿನಲ್ಲಿರುವುದು ಸಪ್ಪೆಯಾಗಿರುತ್ತದೆ.

ಹಿಂದಿನಿಂದ ಶುರು ಮಾಡಿ, ಹಣೆಯ ಅಂಚಿನ ನವಿರು ಕೂದಲು ಕೊನೆಗೆ. ಅರ್ಧ ಸೆಂಟಿಮೀಟರ್ ದಪ್ಪದ ಪದರ ತೆಗೆದು, ಬುಡದಿಂದ 2 ಸೆಂಟಿಮೀಟರ್ ಬಿಟ್ಟು, ಕೆಳಗಿನದಕ್ಕೆಲ್ಲ ಎರಡೂ ಬದಿ ದಪ್ಪಗೆ ಹಚ್ಚಿ. ಬುಡ ಬಿಡುವುದು ಯಾಕೆಂದರೆ ತಲೆಯ ಕಾವಿಗೆ ಅಲ್ಲಿ ಬ್ಲೀಚ್ ಬೇಗ ಕೆಲಸ ಮಾಡುತ್ತದೆ. ಒಟ್ಟಿಗೆ ಹಚ್ಚಿದರೆ ಬುಡ ಹಳದಿ, ಉದ್ದ ಕಿತ್ತಳೆ ಆಗುತ್ತದೆ. ಉದ್ದವೆಲ್ಲ ಕಿತ್ತಳೆಗೆ ತಿರುಗಿದ ಮೇಲೆ ಹೊಸದಾಗಿ ಕಲಸಿ ಬುಡಕ್ಕೆ ಹಚ್ಚಿ. ಹಿಂದಲೆಗೆ ಅಕ್ಕನೋ ತಂಗಿಯೋ ಗೆಳತಿಯೋ ಇನ್ನೊಬ್ಬರ ಕೈ ಬೇಕೇ ಬೇಕು. ಅಂದಾಜಿನ ಮೇಲೆ ಹಚ್ಚಿದ ಹಿಂದಲೆ ಚಿರತೆಯ ಮೈಯಂತೆ ಚುಕ್ಕೆ ಚುಕ್ಕೆಯಾಗುತ್ತದೆ.

ಟೋಪಿ ಹಾಕಿ ಕೂರಿ. ಬ್ಲೀಚ್ ಒದ್ದೆಯಾಗಿರುವ ತನಕ ಮಾತ್ರ ಕೆಲಸ ಮಾಡುತ್ತದೆ. ಡ್ರೈಯರ್ ಹಿಡಿಯಬೇಡಿ, ಬಚ್ಚಲೊಲೆಯ ಮುಂದೆಯೂ ಕೂರಬೇಡಿ. ಪುಷ್ಯ ಮಾಸದ ಚಳಿಯಲ್ಲಿ ತೀರ್ಥಹಳ್ಳಿ, ಹೊಸನಗರ ಕಡೆ ಬೆಳಗ್ಗೆ ಕೆಲಸ ನಿಧಾನ. ಡೆವಲಪರ್ ಬಾಟಲಿಯನ್ನು ಬೆಚ್ಚಗಿನ ಕೋಣೆಯಲ್ಲಿ ಮುಂಚೆಯೇ ಇಟ್ಟಿರಿ, ಮಧ್ಯಾಹ್ನ ಮಾಡಿ. ಹತ್ತು ನಿಮಿಷಕ್ಕೊಮ್ಮೆ, ಅರ್ಧ ಗಂಟೆ ಕಳೆದ ಮೇಲೆ ಐದು ನಿಮಿಷಕ್ಕೊಮ್ಮೆ, ಒಂದು ಎಳೆ ಒರೆಸಿ ನೋಡಿ. ಪೊಟ್ಟಣದ ಮೇಲೆ ಬರೆದ ಗರಿಷ್ಠ ಸಮಯ ಮುಗಿದರೆ ಬಣ್ಣ ಯಾವುದೇ ಇರಲಿ, ತೊಳೆಯಿರಿ. ಸಣ್ಣ ಚುರುಚುರು ಸಹಜ. ಉರಿ ತಡೆಯಲಾಗದಿದ್ದರೆ ತಣ್ಣೀರು ಸುರಿಯಿರಿ, ಗಡಿಯಾರ ನೋಡಬೇಡಿ. ಕಣ್ಣಿಗೆ ಬಿದ್ದರೆ 15 ನಿಮಿಷ ಬಿಡದೆ ನೀರು ಹಾಕಿ ತೊಳೆದು ಡಾಕ್ಟರ ಹತ್ತಿರ ಹೋಗಿ.

ಉಗುರುಬೆಚ್ಚಗಿನ ನೀರಿನಲ್ಲಿ ಜಾರುವಿಕೆ ಹೋಗುವ ತನಕ ತೊಳೆದು, ಮೃದು ಶಾಂಪೂ ಹಾಕಿ. ಕಂಡಿಷನರ್ ಈಗ ಬೇಡ. ಮಿಕ್ಕ ಮಿಶ್ರಣವನ್ನು ಬಾಟಲಿಗೆ ತುಂಬಿ ಮುಚ್ಚಳ ಹಾಕಿದರೆ ಒಳಗೆ ಅನಿಲ ತುಂಬಿ ಸಿಡಿಯುತ್ತದೆ, ಆ ಕೆಲಸ ಮಾಡಲೇಬೇಡಿ.

ಟೋನರ್

ಹಳದಿಗೆ ನೇರಳೆ, ಕಿತ್ತಳೆಗೆ ನೀಲಿ. ಕೂದಲು ಕಿತ್ತಳೆಯಲ್ಲಿ ನಿಂತಿದ್ದರೆ ನೇರಳೆ ಟೋನರ್ ಎಷ್ಟು ಹಚ್ಚಿದರೂ ವ್ಯರ್ಥ. ಟೋನರಿನ ಲೆವೆಲ್ ನಿಮ್ಮ ಕೂದಲು ಮುಟ್ಟಿದ ಲೆವೆಲ್ಲಿಗೆ ಹೊಂದಬೇಕು: 8ರಲ್ಲಿರುವ ಕೂದಲಿಗೆ 10ರ ಟೋನರ್ ಏನೂ ಮಾಡುವುದಿಲ್ಲ. ಟೋನರ್ ಪೊಟ್ಟಣದ ಮೇಲಿನ ಸಂಖ್ಯೆಯಲ್ಲಿ ಚುಕ್ಕಿಯ ನಂತರದ ಅಂಕಿ ಛಾಯೆ ಹೇಳುತ್ತದೆ, ಆದರೆ ಕಂಪನಿಯಿಂದ ಕಂಪನಿಗೆ ಅರ್ಥ ಬೇರೆ, ಪೊಟ್ಟಣದಲ್ಲಿ ಓದಿಯೇ ಕೊಳ್ಳಿ.

ಟವೆಲಿನಿಂದ ಒತ್ತಿ ಒರೆಸಿದ ತೇವದ ಕೂದಲಿಗೆ, ಪೊಟ್ಟಣದ ಅಳತೆಯಂತೆ 10 ವಾಲ್ಯೂಮ್ ಡೆವಲಪರಿನಲ್ಲಿ ಕಲಸಿ, ಹೆಚ್ಚು ಹಳದಿ ಇರುವಲ್ಲಿಂದ ಹಚ್ಚುತ್ತಾ ಬನ್ನಿ. ಮೂರು ನಿಮಿಷಕ್ಕೊಮ್ಮೆ ನೋಡಿ. ಬ್ಲೀಚ್ ಆದ ಕೂದಲು ಬಣ್ಣವನ್ನು ಗಟಗಟ ಕುಡಿಯುತ್ತದೆ, ಹತ್ತು ನಿಮಿಷಕ್ಕೇ ಬೂದು ತಿರುಗಬಹುದು. ಬೂದು ಅಥವಾ ನೇರಳೆ ಆಗಿಬಿಟ್ಟರೆ ಗಾಬರಿ ಬೇಡ, ಮಾಮೂಲಿ ಶಾಂಪೂ ನಾಲ್ಕೈದು ಸಲ ಹಾಕಿದರೆ ಇಳಿಯುತ್ತದೆ. ಈಗ ಕಂಡಿಷನರ್, ದಪ್ಪಗೆ.

ಆಮೇಲೆ

ಸೀಗೆಪುಡಿ, ಅರಿಸಿನ, ಮೆಹಂದಿ ತಲೆಗೆ ತಾಗದಿರಲಿ. ಅರಿಸಿನದ ಕರೆ ತಿಳಿಗೂದಲಿಗೆ ಬಟ್ಟೆಗೆ ಹಿಡಿದಂತೆ ಹಿಡಿಯುತ್ತದೆ. ಹಂಡೆಯ ನೀರು ಇನ್ನು ತಲೆಗೆ ಬೇಡ. ವಾರಕ್ಕೊಂದು ಸಲ ನೇರಳೆ ಶಾಂಪೂ ಎರಡರಿಂದ ಐದು ನಿಮಿಷ. ಮಳೆಗಾಲದಲ್ಲಿ ಒದ್ದೆ ಕೂದಲು ಕಟ್ಟಿಕೊಂಡು ಮಲಗಬೇಡಿ. ಬ್ಲೀಚ್ ಆದ ಎಳೆ ನೀರು ಹಿಡಿದಷ್ಟು ಹೊತ್ತೂ ಬಲಹೀನ, ದಿಂಬಿಗೆ ಉಜ್ಜಿ ತುಂಡಾಗುತ್ತದೆ. ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ.

ಕೂದಲು ತಿಂಗಳಿಗೆ ಸುಮಾರು 1.25 ಸೆಂಟಿಮೀಟರ್ ಬೆಳೆಯುತ್ತದೆ, ಆರು ವಾರಕ್ಕೆ ಬುಡದ ಕಪ್ಪು ಎದ್ದು ಕಾಣುತ್ತದೆ. ಆಗ ಹೊಸ ಕಪ್ಪಿಗೆ ಮಾತ್ರ ಬ್ಲೀಚ್. ಹಳೆ ಹೊಂಬಣ್ಣದ ಮೇಲೆ ಬೀಳದಂತೆ ಅದಕ್ಕೆ ಮೊದಲೇ ಕಂಡಿಷನರ್ ಸವರಿಡಿ. ಎರಡೂ ಸೇರುವ ಗೆರೆಯ ಮೇಲೆ ಬ್ಲೀಚ್ ಪದೇ ಪದೇ ಬಿದ್ದರೆ ಕೂದಲು ಸರಿಯಾಗಿ ಅದೇ ಗೆರೆಯಲ್ಲಿ ಕತ್ತರಿಸಿಕೊಂಡು ಬರುತ್ತದೆ.