ಪ್ರಿಂಟಿಗೆ ಮೇಣ ಹಚ್ಚಿದ ಕಥೆ

ನಮ್ಮ ಬೀದರಿನಲ್ಲಿ ಕಪ್ಪು ಅಂದರೆ ಬಿದ್ರಿಯ ಕಪ್ಪು. ಬೆಳ್ಳಿಯ ಹೂಬಳ್ಳಿ ಕೂರಿಸಿದ ಸತು ಮತ್ತು ತಾಮ್ರದ ಹೂಜಿಯನ್ನು ಕೋಟೆಯ ಮಣ್ಣು, ನವಸಾಗರವೆಂಬ ಉಪ್ಪು ಕಲಸಿದ ನೀರಿನಲ್ಲಿ ಕಪ್ಪು ಮಾಡುತ್ತಾರೆ. ಕೊನೆಗೆ ಎಣ್ಣೆ ಹಚ್ಚಿ ಉಜ್ಜುತ್ತಾರೆ. ಆಮೇಲೆಯೇ ಆ ಕಪ್ಪಿಗೆ ಜೀವ.

ಅಂಥದ್ದೊಂದು ಹೂಜಿಯ ಫೋಟೊ ತೆಗೆದು, ಹತ್ತಿಯಿಂದ ಮಾಡಿದ, ಹೊಳಪಿಲ್ಲದ ಮ್ಯಾಟ್ ಕಾಗದದ ಮೇಲೆ ಪಿಗ್ಮೆಂಟ್ ಇಂಕಿನಲ್ಲಿ ಪ್ರಿಂಟ್ ಹಾಕಿಸಿದೆ. ಸ್ಕ್ರೀನಿನಲ್ಲಿ ಕಾಡಿಗೆಯಂತಿದ್ದದ್ದು ಕಾಗದದಲ್ಲಿ ಬೂದಿಯಾಗಿತ್ತು. ಮ್ಯಾಟ್ ಕಾಗದದ ಮೈ ತರಿತರಿ, ಬೆಳಕನ್ನು ಎಲ್ಲ ಕಡೆ ಚೆದುರಿಸುತ್ತದೆ, ಅದಕ್ಕೇ ಕಪ್ಪು ಮಂಕು. ಆ ಸಣ್ಣ ಗುಂಡಿಗಳನ್ನು ಏನಾದರೂ ತುಂಬಬೇಕು. ಎಣ್ಣೆ ಹಾಕಿದರೆ ಕಾಗದ ಕಲೆಯಾಗುತ್ತದೆ. ಹಾಗಾಗಿ ಮೇಣ.

ಮ್ಯೂಸಿಯಂನವರು ಬಳಸುವ ರೆನೆಸಾನ್ಸ್ ವ್ಯಾಕ್ಸ್ ತರಿಸಬಹುದಿತ್ತು, ದುಬಾರಿ. ಒಂದು ಭಾಗ ಜೇನುಮೇಣಕ್ಕೆ ಮೂರು ಭಾಗ ಟರ್ಪೆಂಟೈನ್ ಸೇರಿಸಿ ನಾನೇ ಮಾಡಿದೆ. ಬಿಸಿ ನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟು ಮೇಣ ಕರಗಿಸಿ, ಒಲೆ ಆರಿಸಿ, ಅಂಗಳಕ್ಕೆ ತಂದ ಮೇಲೆಯೇ ಟರ್ಪೆಂಟೈನ್ ಹಾಕಿದ್ದು. ಅದಕ್ಕೆ ಬೆಂಕಿ ಹತ್ತೋದು ಸುಲಭ, ಇಲ್ಲಿ ಹುಷಾರು.

ಮೊದಲ ಸಲ ಜಾಸ್ತಿ ಬಳಿದೆ. ಅದೂ ಮೇ ತಿಂಗಳು. ಜೇನುಮೇಣ ಕರಗೋದು 62 ಡಿಗ್ರಿಯ ಮೇಲೆ ನಿಜ, ಆದರೆ ನಮ್ಮ ಬಿಸಿಲಿಗೆ ಮೆತ್ತಗಾಗಲು ಅಷ್ಟು ಬೇಕಿಲ್ಲ. ಕೆಂಪು ಧೂಳೆಲ್ಲ ಬಂದು ಅಂಟಿಕೊಂಡಿತು. ಆ ಪ್ರಿಂಟ್ ಹೋಯಿತು.

ಎರಡನೇ ಸಲ 80 ಡಿಗ್ರಿ ದಾಟಿದ ಮೇಲೆ ಕರಗುವ ಕಾರ್ನೌಬಾ ಎಂಬ ತಾಳೆ ಜಾತಿಯ ಮರದೆಲೆಯ ಮೇಣವನ್ನು ಸ್ವಲ್ಪ ಸೇರಿಸಿದೆ. ಗಟ್ಟಿ ಬಂತು. ಪ್ರಿಂಟ್ ಒಂದು ದಿನ ಪೂರ್ತಿ ಒಣಗಲಿ ಅಂತ ಬಿಟ್ಟೆ. ಹಳೇ ಬನಿಯನ್ ಬಟ್ಟೆಯಲ್ಲಿ ಬಟಾಣಿಯಷ್ಟು ಮೇಣ ತೆಗೆದು ಸುತ್ತಿ ಸುತ್ತಿ ತೆಳ್ಳಗೆ ಹರಡಿದೆ. ಬಟ್ಟೆಗೆ ಒಂಚೂರು ಕಪ್ಪು ಹತ್ತಿತು, ಎದೆ ಧಸಕ್ಕೆಂದಿತು. ಕೈ ಹಗುರ ಮಾಡಿದೆ, ಸರಿಹೋಯಿತು. ಹತ್ತು ನಿಮಿಷ ಬಿಟ್ಟು ಬೇರೆ ಬಟ್ಟೆಯಲ್ಲಿ ಉಜ್ಜಿದೆ. ಉಜ್ಜಿದಷ್ಟೂ ಕಪ್ಪು ಒಳಗಿಳಿಯಿತು. ಬೆಳ್ಳಿ ಹೂಬಳ್ಳಿ ಎದ್ದು ಬಂತು.

ಗ್ಲಾಸಿ ಕಾಗದದ ಮೇಲೂ ನೋಡಿದೆ. ಮೇಣ ಮೇಲೇ ನಿಂತು ಗೆರೆಗೆರೆಯಾಯಿತು, ಬೇಡ. ಇನ್ನೊಂದು ಮಾತು, ಮೇಣದಿಂದ ಬಣ್ಣ ಮಾಸೋದು ನಿಲ್ಲಲ್ಲ. ಗೀರು, ಬೆವರಿನ ಕೈ, ನಾಲ್ಕು ಹನಿ ನೀರು, ಇಷ್ಟನ್ನು ತಡೆಯುತ್ತದೆ. ಬಿಸಿಲು ಬೀಳುವ ಗೋಡೆಗೆ ತೂಗುಹಾಕುವುದಾದರೆ ಯುವಿ ತಡೆಯುವ ಗಾಜು ಬೇಕೇ ಬೇಕು.

ಹೂಜಿ ಮಾಡಿದ ಕುಶಲಕರ್ಮಿಗೆ ಪ್ರಿಂಟ್ ತೋರಿಸಲು ಹೋದೆ. ತಿರುಗಿಸಿ ನೋಡಿ, "ಯಾವ ಎಣ್ಣೆ?" ಎಂದರು. ನಾನು ತಡೆಯುವಷ್ಟರಲ್ಲಿ ಮಸಿ ಹತ್ತಿದ ಹೆಬ್ಬೆರಳು ಇಟ್ಟೇಬಿಟ್ಟರು. ಬಟ್ಟೆಯಲ್ಲಿ ಒರೆಸಿದೆ. ಗುರುತು ಹೋಯಿತು.